ಒಲೆಯ ಗಾಳಿ ಒಲೆಗೆ

ಐತಪ್ಪ ಮೇಸ್ತ್ರಿಗೆ ಹುಬ್ಬುಗಳಿರಲಿಲ್ಲ. ಹುಟ್ಟುವಾಗ ಎಲ್ಲರಂತೆ ಅವರಿಗೂ ಇದ್ದಿರಬೇಕು. ಮಂಗಳೂರಿನ ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಭಟ್ಟಿಯ ಬಾಯಿಗೆ ಮುಖ ಕೊಟ್ಟು ನಿಂತವರು ಅವರು. ಆ ಮೂವತ್ತು ವರ್ಷಗಳಲ್ಲಿ ಬೆಂಕಿ ಅವರ ಹುಬ್ಬನ್ನು ಒಂದೊಂದೇ ಕೂದಲಾಗಿ ತೆಗೆದುಕೊಂಡಿತ್ತು. ನಮ್ಮ ಸಿಟ್ಟು, ಆಶ್ಚರ್ಯ, ದುಃಖ ಎಲ್ಲ ಅರ್ಧಕ್ಕರ್ಧ ಹುಬ್ಬಿನಲ್ಲೇ ಕಾಣುವುದು ಎಂದು ನನಗೆ ಗೊತ್ತಾದದ್ದು ಅವರನ್ನು ನೋಡಿದ ಮೇಲೆ. ಅವರ ಮುಖ ನೋಡಿ ಅವರ ಮನಸ್ಸಿನಲ್ಲಿ ಎಂತ ಇದೆ ಎಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ನನ್ನಿಂದಂತೂ ಆಗಲೇ ಇಲ್ಲ.

ಅವರನ್ನು ಮೊದಲು ಕಂಡದ್ದು ನಮ್ಮ ಅಡುಗೆಮನೆಯ ಕಿಟಕಿಯ ಆಚೆ. ಕೈಯಲ್ಲಿ ಒಂದು ಕಟ್ಟು ಊದುಬತ್ತಿ ಹಿಡಿದು ಮಳೆಯಲ್ಲಿ ನಿಂತಿದ್ದರು. ನಮ್ಮದು ವೈದಿಕರ ಮನೆತನ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದರೂ ಮನೆಯಲ್ಲಿ ಮಡಿಯ ಅಧಿಕಾರವೆಲ್ಲ ಅಜ್ಜಿಯದು. ಹೊರಗಿನವರು ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಒಲೆಯ ಹೊಗೆಗೆ ಏನಾದರೂ ಉಪಾಯ ಮಾಡಿ ಎಂದು ಅಪ್ಪ ಕರೆಸಿದ ಮನುಷ್ಯನನ್ನು ಅಜ್ಜಿ ಒಲೆಯ ಹತ್ತಿರಕ್ಕೇ ಬಿಡಲಿಲ್ಲ. ಅವರು ಮನೆಗೆ ಸುತ್ತು ಹಾಕಿ ಕಿಟಕಿಗೆ ಬಂದರು.

"ಅಕ್ಕ, ಇದರಲ್ಲಿ ಒಂದು ಹಚ್ಚಿ. ಹಚ್ಚಿ ಒಳಗೆ ಮೆಲ್ಲ ತಿರುಗಿ. ನಾನು ಇಲ್ಲಿಂದಲೇ ನೋಡ್ತೇನೆ," ಎಂದರು ನನಗೆ.

ನಾನು ಆಗ ಬಿ.ಎಸ್ಸಿ. ಎರಡನೆಯ ವರ್ಷ. ವಿಜ್ಞಾನ ಓದುತ್ತೇನೆಂಬ ಸೊಕ್ಕು ಮೂಗಿನ ತುದಿಯಲ್ಲೇ ಇತ್ತು. ಇದೆಂತ ಭೂತ ಬಿಡಿಸುವ ಕೆಲಸವಾ ಎಂದುಕೊಂಡೇ ತಿರುಗಿದೆ. ಒಲೆಯ ಮುಂದೆ ನಿಲ್ಲಿ, ಬಾಗಿಲ ಸಂದಿಗೆ ಹಿಡಿಯಿರಿ, ಗೋಡೆಯ ಮೇಲಕ್ಕೆ ಕೈ ಎತ್ತಿ ಎಂದು ಅವರು ಹೇಳುತ್ತಾ ಹೋದರು. ಒಂದು ಕಡೆ ಹೊಗೆ ಮೂಡಕ್ಕೆ ವಾಲಿದರೆ ಇನ್ನೊಂದು ಕಡೆ ತೆಂಕಿಗೆ. ಒಲೆಯ ಹತ್ತಿರ ಮಾತ್ರ ಸುತ್ತಿ ಸುತ್ತಿ ನನ್ನ ಮುಖಕ್ಕೇ ಬಂತು. ಅರ್ಧ ಗಂಟೆ ಹೀಗೆ ನೋಡಿ ಜಗಲಿಗೆ ಹೋಗಿ ಅಪ್ಪನ ಎದುರು ನಿಂತರು.

"ಪಂಡಿತರೇ, ಈ ಮನೆಯಲ್ಲಿ ವಾಯುದೇವರಿಗೆ ಹತ್ತು ದ್ವಾರ ಉಂಟು. ಒಂದಕ್ಕೂ ದ್ವಾರಪಾಲಕ ಇಲ್ಲ."

ಅವರ ಕನ್ನಡ ಹಾಗೆ. ನಾವೂ ತುಳುವರೇ, ಅವರೂ ತುಳುವರೇ. ಅಪ್ಪ ಅವರೊಡನೆ ತುಳುವಿನಲ್ಲೇ ಮಾತಾಡುತ್ತಿದ್ದರು. ಆದರೆ ಕನ್ನಡ ಪಂಡಿತರ ಮನೆಯಲ್ಲಿ ತುಳು ಆಡುವುದು ಮರ್ಯಾದೆಯಲ್ಲ ಎಂದು ಐತಪ್ಪ ಮೇಸ್ತ್ರಿ ತಮ್ಮಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದರು. ಶಾಲೆಗೆ ಹೋದವರಲ್ಲ, ಅವರ ಕನ್ನಡವೆಲ್ಲ ಯಕ್ಷಗಾನದ ಬಯಲಾಟಗಳಲ್ಲಿ ಕೂತು ಕೇಳಿ ಕಲಿತದ್ದು. ಅದಕ್ಕೆ ರಸ್ತೆಯ ಕನ್ನಡ ಸೇರಿ ಒಂದು ಬಗೆಯ ಮಾತು ಆಗಿತ್ತು. "ನೀವು ತುಳುವಿನಲ್ಲೇ ಮಾತಾಡಿ ಮಾರಾಯ್ರೆ," ಎಂದು ಅಪ್ಪ ಎಷ್ಟು ಸಲ ಹೇಳಿದರೂ "ಛೆ ಛೆ, ಅದು ಹೇಗೆ ಆಗ್ತದೆ ಪಂಡಿತರೇ," ಎಂದು ಮತ್ತೆ ಕನ್ನಡಕ್ಕೇ ಬರುತ್ತಿದ್ದರು.

ನಮ್ಮ ಆ ಬಾಡಿಗೆ ಮನೆಯಲ್ಲಿ ಗೋಡೆಗಿಂತ ಸಂದುಗಳೇ ಹೆಚ್ಚು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಗೋಡೆಗೂ ಮಾಡಿಗೂ ನಡುವೆ ಬೆಕ್ಕು ನುಸುಳುವಷ್ಟು ಜಾಗ. ಒಂದು ಬಾಗಿಲೂ ನೆಟ್ಟಗೆ ಕೂರುತ್ತಿರಲಿಲ್ಲ. ಮಳೆಗಾಲದಲ್ಲಿ ಕಡಲ ಕಡೆಯಿಂದ ಗಾಳಿ ಎದ್ದರೆ ದೇವರ ದೀಪ ನಿಲ್ಲುತ್ತಿರಲಿಲ್ಲ. ಇಷ್ಟು ಗಾಳಿ ಆಡಿದರೂ ಅಡುಗೆಮನೆಯ ಹೊಗೆ ಮಾತ್ರ ಅಲ್ಲೇ ಇರುತ್ತಿತ್ತು. ಒಲೆ ಎಂದರೆ ಮರದ ಹುಡಿಯ ಒಲೆ. ಸೀಮೆಎಣ್ಣೆಗೆ ಸಾಲು ನಿಲ್ಲಬೇಕು, ಗ್ಯಾಸಿಗೆ ವರ್ಷಗಟ್ಟಲೆ ಕಾಯಬೇಕು ಎನ್ನುವ ಕಾಲ; ಮರದ ಮಿಲ್ಲುಗಳಲ್ಲಿ ಹುಡಿಯ ರಾಶಿ ಬಿದ್ದಿರುತ್ತಿತ್ತು, ಅರ್ಧ ಮಂಗಳೂರು ಅದರಲ್ಲೇ ಬೇಯಿಸಿಕೊಳ್ಳುತ್ತಿತ್ತು. ತಗಡಿನ ಡಬ್ಬದ ಅಡಿಯಲ್ಲಿ ಒಂದು ತೂತು. ನಡುವೆ ಕೋಲು ನಿಲ್ಲಿಸಿ ಸುತ್ತ ಹುಡಿಯನ್ನು ಒತ್ತಿ ತುಂಬಿ, ಕೋಲನ್ನು ಮೆಲ್ಲ ಎಳೆದು ತೆಗೆದು, ಅಡಿಯ ತೂತಿನಿಂದ ಬೆಂಕಿ ಕೊಟ್ಟರೆ ಮೂರು ನಾಲ್ಕು ಗಂಟೆ ಉರಿಯುತ್ತದೆ. ಗಾಳಿ ಸಮ ಸಿಕ್ಕಿದರೆ ಒಳ್ಳೆಯ ಉರಿ, ಸಿಗದಿದ್ದರೆ ಕಣ್ಣು ಬಿಡಲಾಗದ ಹೊಗೆ.

ಅಮ್ಮನಿಗೆ ದಮ್ಮು ಇತ್ತು. ಮಳೆಗಾಲದ ನಾಲ್ಕು ತಿಂಗಳು ಅವಳು ಮಲಗಿ ನಿದ್ದೆ ಮಾಡಿದ್ದನ್ನು ನಾನು ಕಂಡದ್ದಿಲ್ಲ. ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದಳು. ಅವಳ ಎದೆಯ ಸುಂಯ್ ಎನ್ನುವ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಡಾಕ್ಟ್ರು ಹೊಗೆ ತಾಗಬಾರದು, ಶೀತಗಾಳಿಯೂ ತಾಗಬಾರದು ಎಂದು ಒಂದೇ ಉಸಿರಿನಲ್ಲಿ ಹೇಳಿ ಕಳಿಸಿದರು. ಹೊಗೆ ಹೋಗಬೇಕಾದರೆ ಕಿಟಕಿ ತೆಗೆಯಬೇಕು, ಶೀತ ತಾಗಬಾರದೆಂದರೆ ಮುಚ್ಚಬೇಕು. ತೆಗೆದರೂ ಅಮ್ಮನಿಗೆ ಉಸಿರಿಲ್ಲ, ಮುಚ್ಚಿದರೂ ಇಲ್ಲ. ಆ ವರ್ಷದ ಮಳೆಗಾಲವನ್ನು ಅವಳು ದಾಟುತ್ತಾಳೋ ಇಲ್ಲವೋ ಎಂದು ಅಪ್ಪನಿಗೆ ಭಯ ಹುಟ್ಟಿತ್ತು.

"ಮನೆಯಲ್ಲಿ ಗಾಳಿ ಉಂಟು, ಇಲ್ಲ ಅಂತ ಅಲ್ಲ," ಎಂದರು ಐತಪ್ಪ ಮೇಸ್ತ್ರಿ. "ಆದರೆ ಅದಕ್ಕೆ ಬುದ್ಧಿ ಇಲ್ಲ. ಹತ್ತು ಕಡೆಯಿಂದ ನುಗ್ಗಿ ಒಲೆಗೆ ಹೊಡೆದು ಹೋಗ್ತದೆ. ನಿಮ್ಮ ಒಲೆ ಉಸಿರು ಕಟ್ಟಿ ಕೆಮ್ಮುದು, ಅದು ಕೆಮ್ಮಿದ್ದನ್ನು ಅಮ್ಮ ಕುಡಿಯುದು. ಒಲೆಗೆ ಹೊರಗಿಂದಲೇ ಬೇರೆ ಒಂದು ಗಾಳಿ ಕೊಡುವ. ಆಮೇಲೆ ಮನೆಯ ಸಂದು ಎಲ್ಲ ಮುಚ್ಚುವ. ಒಲೆಯ ಗಾಳಿ ಒಲೆಗೆ, ಮನುಷ್ಯರ ಗಾಳಿ ಮನುಷ್ಯರಿಗೆ."

ಆ ಕೊನೆಯ ಮಾತನ್ನು ಅವರು ಆಮೇಲೆ ನೂರು ಸಲ ಹೇಳಿದ್ದಾರೆ. ಭಟ್ಟಿಯಲ್ಲಿ ಕಲಿತದ್ದು ಅದೊಂದೇ ಎನ್ನುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವರಿಗೆ ಭಟ್ಟಿ ಇರಲಿಲ್ಲ. ಹಾಗಾಗಿ ಊರವರ ಒಲೆಗಳನ್ನು ನೋಡುತ್ತಿದ್ದರು.

ಗೋಡೆ ಒಡೆದು ನೆಲ ಅಗೆಯಬೇಕಾದ್ದರಿಂದ ಅಜ್ಜಿ ಎರಡು ದಿನದ ಮಟ್ಟಿಗೆ ಅವರನ್ನು ಅಡುಗೆಮನೆಗೆ ಬಿಟ್ಟಳು. ಕಾರ್ಖಾನೆಯಲ್ಲಿ ಸುಡುವಾಗ ಸ್ವಲ್ಪ ಸೊಟ್ಟಗಾಗಿ ಬಿಸಾಡಿದ್ದ ಮಣ್ಣಿನ ಪೈಪುಗಳನ್ನು ಅವರು ತಲೆಹೊರೆಯಲ್ಲಿ ತಂದರು. ಒಲೆಯ ಅಡಿಯಿಂದ ನೆಲದೊಳಗೆ ಪೈಪು ಹೂತು, ಬಡಗು ಗೋಡೆಯಾಚೆ ಅದರ ಬಾಯಿಯನ್ನು ಕೆಳಮುಖ ಮಾಡಿ ಬಿಟ್ಟರು. ಪಡುವಲ್ಲಿ ಬಿಟ್ಟರೆ ಕಡಲ ಗಾಳಿ ನೇರ ನುಗ್ಗಿ ಒಲೆ ಬೆಚ್ಚಿಬೀಳುತ್ತದಂತೆ. ಒಲೆಯ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ಹೊಗೆಗೆ ಮಾಡಿನ ಮೇಲೆ ಇನ್ನೊಂದು ಪೈಪು. ಆಮೇಲೆ ಗೋಡೆ ಮಾಡಿನ ನಡುವಿನ ಜಾಗಕ್ಕೆಲ್ಲ ಹಲಗೆ, ಬಾಗಿಲ ಸಂದಿಗೆ ಗೋಣಿ. ಕೆಲಸ ಮುಗಿದ ಕೂಡಲೇ ಅಜ್ಜಿ ಸೆಗಣಿನೀರಿನ ಬಾಲ್ದಿ ಹಿಡಿದು ನಿಂತದ್ದನ್ನು ಅವರು ನೋಡಿದರು.

"ಸಾರಿಸಿ ದೊಡ್ಡಮ್ಮ, ಧಾರಾಳ ಸಾರಿಸಿ. ಪೈಪಿನ ಬಾಯಿಗೆ ಮಾತ್ರ ಸೆಗಣಿ ಹೋಗದ ಹಾಗೆ ನೋಡಿ," ಎಂದು ಹೇಳಿ ಜಗಲಿಯಲ್ಲಿ ಕವುಚಿಟ್ಟಿದ್ದ ಬೇರೆ ಲೋಟದಲ್ಲಿ ಕಾಫಿ ಕುಡಿದು, ತಾವೇ ತೊಳೆದು, ಮತ್ತೆ ಕವುಚಿಟ್ಟು ಹೋದರು. ನನಗೆ ಆಗ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಲೋಟ ಅಲ್ಲಿ ಇರುವುದೇ ಹಾಗೆ ಎಂದು ನಾನು ತಿಳಿದಿದ್ದೆ.

ಆ ಮಳೆಗಾಲ ಅಮ್ಮ ಮಲಗಿ ನಿದ್ದೆ ಮಾಡಿದಳು. ಇದಕ್ಕಿಂತ ಹೆಚ್ಚಿಗೆ ಹೇಳುವುದಕ್ಕೆ ಏನಿದೆ? ಒಂದು ಬೆಳಿಗ್ಗೆ ನಾನು ಎದ್ದಾಗ ಅವಳು ಇನ್ನೂ ಚಾಪೆಯಲ್ಲಿ ಮಗ್ಗುಲಾಗಿ ಮಲಗಿದ್ದಳು. ಹೆದರಿಕೆಯಾಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಸದ್ದಿಲ್ಲದ ಉಸಿರು ಬರುತ್ತಿತ್ತು.

ಸುದ್ದಿ ಹಬ್ಬಿ ಜೆಪ್ಪುವಿನಲ್ಲಿ ಹತ್ತು ಹನ್ನೆರಡು ಮನೆಗಳಿಗೆ ಅವರ ಪೈಪು ಹೋಯಿತು. ರಸ್ತೆಯಲ್ಲಿ ನಡೆಯುವಾಗ ಅವರು ಮನುಷ್ಯರ ಮುಖ ನೋಡುತ್ತಲೇ ಇರಲಿಲ್ಲ, ಮಾಡುಗಳನ್ನೇ ನೋಡುತ್ತಿದ್ದರು. ಹೊಗೆ ನೋಡಿ ಆ ಮನೆಯ ವರ್ತಮಾನ ಹೇಳುವರು. ಹುಡಿ ಒದ್ದೆ, ಇವತ್ತು ನೆಂಟರು ಬಂದಿದ್ದಾರೆ, ಇಲ್ಲಿ ಗಂಡಹೆಂಡಿರ ಜಗಳ, ಒಲೆಯನ್ನು ಯಾರೂ ನೋಡಿಕೊಳ್ಳುತ್ತಿಲ್ಲ. ನಮ್ಮ ಗೇಟಿನ ಮುಂದೆ ಹಾದುಹೋಗುವಾಗ ಒಮ್ಮೆ ನಿಂತು, ಮಾಡಿನತ್ತ ನೋಡಿ, ನಾನು ಕಂಡರೆ ಕೇಳುತ್ತಿದ್ದದ್ದು ಒಂದೇ ಮಾತು: "ಅಮ್ಮನ ಉಸಿರು ಹೇಗುಂಟು, ಅಕ್ಕ?"

ಬಡಗು ಗೋಡೆಯ ಆಚೆ ನಮ್ಮ ನೆರೆಮನೆಯ ಲಿಲ್ಲಿಬಾಯಿಯ ಅಡುಗೆಮನೆ. ಒಳ್ಳೆಯ ಹೆಂಗಸು, ಕ್ರಿಸ್‌ಮಸ್ಸಿಗೆ ನಮಗೆ ಮಾತ್ರ ತಿಂಡಿಯ ಬದಲು ಬಾಳೆಹಣ್ಣು ಕಳಿಸುವವಳು. ಮಳೆಗಾಲದಲ್ಲಿ ಹಸಿಮೀನು ಬರುವುದಿಲ್ಲವಲ್ಲ, ಒಣಮೀನು ಸುಡುತ್ತಿದ್ದಳು. ಆ ವಾಸನೆ ಮೊದಲೂ ಬರುತ್ತಿತ್ತು. ಈಗ ಪೈಪು ಹಾಕಿದ ಮೇಲೆ ಅದೇ ಗಾಳಿ ನೇರ ನೈವೇದ್ಯದ ಒಲೆಗೆ ಹೋಗುತ್ತದೆ ಎಂಬುದು ಅಜ್ಜಿಯ ತಲೆಗೆ ಹತ್ತಿತು. ದಿನವೂ ಗೊಣಗುವಳು. ಸೊಸೆ ಉಸಿರಾಡುತ್ತಿದ್ದಾಳಲ್ಲ ಎಂದು ಹೇಗೋ ನುಂಗಿಕೊಂಡಳು.

ಪೈಪು ಹಾಕಿದ ಎರಡನೆಯ ವರ್ಷ, ಆಟಿ ಎಂಬ ಆಷಾಢದ ತಿಂಗಳಲ್ಲಿ ಅಜ್ಜನ ತಿಥಿ ಬಂತು. ಧೋ ಎಂದು ಮಳೆ. ಅಮ್ಮ ಒದ್ದೆ ಸೀರೆಯ ಮಡಿಯಲ್ಲಿ ಒಬ್ಬಳೇ ಒಳಗೆ ಅಡುಗೆಗೆ ನಿಂತಿದ್ದಳು. ತಿಥಿಯ ಅಡುಗೆಯಲ್ಲವೇ, ಕಿಟಕಿ ಮುಚ್ಚಿ ಬಾಗಿಲಿಗೆ ಒಳಗಿಂದ ಅಗುಳಿ ಹಾಕಿಕೊಂಡಿದ್ದಳು. ಚಾವಡಿಯಲ್ಲಿ ಪುರೋಹಿತರು, ಅಪ್ಪ. ಲಿಲ್ಲಿಬಾಯಿಯ ಮನೆಯಿಂದ ಒಣಮೀನಿನ ವಾಸನೆ ಎದ್ದದ್ದೇ ತಡ, ಅಜ್ಜಿ ಜಗಲಿಗೆ ಬಂದು ನನ್ನನ್ನು ಕರೆದಳು. ಅವಳು ಮಡಿಯಲ್ಲಿದ್ದಳು, ಹೊರಗಿನದ್ದನ್ನು ಮುಟ್ಟುವ ಹಾಗಿರಲಿಲ್ಲ.

"ಸುಮಾ, ಆ ಪೈಪಿನ ಬಾಯಿ ಒಮ್ಮೆ ಮುಚ್ಚಿ ಬಾ."

"ಮುಚ್ಚಿದ್ರೆ ಒಲೆ ಉರಿಯುದಿಲ್ಲ ಅಜ್ಜಿ."

"ಪಿತೃಗಳು ಬರುವ ಹೊತ್ತು. ಮೀನಿನ ಗಾಳಿಯಲ್ಲಿ ಬೆಂದ ಅನ್ನ ನಿನ್ನ ಅಜ್ಜನಿಗೆ ಬಡಿಸುದಾ? ಅರ್ಧ ಗಂಟೆ. ಅವಳು ಸುಟ್ಟು ಮುಗಿಸಿದ ಮೇಲೆ ತೆಗೆ."

ನಾನು ಮುಚ್ಚಿದೆ. ಬಾಳೆ ಎಲೆಯ ತುಂಡನ್ನು ನಾಲ್ಕು ಪದರ ಮಡಚಿ, ಬಾಯಿಗೆ ಹೊದಿಸಿ, ಬಾಳೆನಾರಿನಿಂದ ಎರಡು ಸುತ್ತು ಬಿಗಿದು ಗಂಟು ಹಾಕಿದೆ. ಉರಿಯುವ ಕೆಂಡಕ್ಕೆ ಗಾಳಿ ಸಾಲದಿದ್ದರೆ ಕಣ್ಣಿಗೆ ಕಾಣದ, ಮೂಗಿಗೆ ತಾಗದ ವಿಷದ ಅನಿಲ ಹುಟ್ಟುತ್ತದೆ ಎಂದು ಹಿಂದಿನ ವರ್ಷದ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತಗೊಂಡವಳು ನಾನು. ಅರ್ಧ ಗಂಟೆಯ ಮಾತಲ್ಲವೇ ಎಂದುಕೊಂಡು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತೆ. ಓದುತ್ತಾ ಮರೆತುಬಿಟ್ಟೆ. ಇದಕ್ಕೆ ನನ್ನ ಹತ್ತಿರ ಬೇರೆ ಸಬೂಬು ಇಲ್ಲ.

ಒಳಗೆ ಆದದ್ದನ್ನು ಅಮ್ಮ ಆಮೇಲೆ ಹೇಳಿದಳು. ಉರಿ ಸಣ್ಣದಾಯಿತಂತೆ. ಒಲೆಯ ಕಟ್ಟೆಗೆ ಬೆಂಕಿ ಕೊಡಲು ಒಂದು ಸಣ್ಣ ಮುಚ್ಚಳ ಇತ್ತು; ಅದನ್ನು ತೆಗೆದು ಬೀಸಣಿಗೆಯಿಂದ ಗಾಳಿ ಹಾಕಿದಳಂತೆ. ತಲೆ ಸುತ್ತಿತು, ಉಪವಾಸದ ಸಂಕಟ ಎಂದುಕೊಂಡಳಂತೆ. ಅಷ್ಟೇ ನೆನಪು.

ಹನ್ನೊಂದೂವರೆಯ ಸುಮಾರಿಗೆ ಐತಪ್ಪ ಮೇಸ್ತ್ರಿ ಕೊಡೆ ಹಿಡಿದು ಗೇಟಿನ ಮುಂದೆ ಹಾದುಹೋದರು. ಎಂದಿನಂತೆ ನಿಂತು ಮಾಡಿನತ್ತ ನೋಡಿದರು. ಮುಂದೆ ಹೋಗಲಿಲ್ಲ.

"ಅಕ್ಕ, ಇವತ್ತು ದೊಡ್ಡ ಧಣಿಗಳ ತಿಥಿ ಅಲ್ವಾ? ಒಲೆ ಹಚ್ಚಲಿಲ್ವಾ?"

"ಬೆಳಿಗ್ಗೆಯೇ ಹಚ್ಚಿ ಆಗಿದೆ ಐತಪ್ಪಣ್ಣ."

"ಹಚ್ಚಿದ್ದರೆ ಹೊಗೆ ಎಲ್ಲಿ?"

ನನಗೆ ಆಗ ನೆನಪಾಯಿತು. ಪುಸ್ತಕ ಬಿಟ್ಟು ಎದ್ದೆ. ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಕೊಡೆ ಎಸೆದು, ಮಳೆನೀರು ಸುರಿಯುವ ಮೈಯಲ್ಲೇ ಜಗಲಿ ಹತ್ತಿ, ಚಾವಡಿಯಲ್ಲಿ ಪುರೋಹಿತರ ಮುಂದೆ ಹಾಸಿದ್ದ ಎಲೆಗಳನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋದರು. "ಬಾಕಿಲ್ ದೆಪ್ಪುಲೆ!" ಎಂದು ಅವರು ಬೊಬ್ಬೆ ಹಾಕಿದ್ದು ಇಡೀ ಮನೆಗೆ ಕೇಳಿತು. ಬಾಗಿಲು ತೆಗೆಯಿರಿ ಎಂದು. ನಮ್ಮ ಮನೆಯಲ್ಲಿ ಅವರ ಬಾಯಿಂದ ತುಳು ಬಂದದ್ದು ಅದೇ ಮೊದಲು. ಒಳಗಿಂದ ಉತ್ತರ ಇರಲಿಲ್ಲ. ಹೆಗಲು ಕೊಟ್ಟು ಎರಡು ಸಲ ಗುದ್ದಿದರು, ಅಗುಳಿ ಕಿತ್ತುಬಂತು.

ಅಮ್ಮ ಒಲೆಯ ಬುಡದಲ್ಲಿ ಬಿದ್ದಿದ್ದಳು, ಕೈಯಲ್ಲಿ ಬೀಸಣಿಗೆ. ಅವರು ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅದೇ ಚಾವಡಿಯ ನಡುವಿನಿಂದ ಹೊರಗೆ ಬಂದರು. ಪುರೋಹಿತರು ಗಡಬಡಿಸಿ ಎದ್ದು ಗೋಡೆಗೆ ಸರಿದರು. ತಿಥಿ ಕೆಟ್ಟಿತು ಎಂದು ಒಬ್ಬರು ಹೇಳಿದ್ದೂ ಕಿವಿಗೆ ಬಿತ್ತು. ಜಗಲಿಯ ತುದಿಯಲ್ಲಿ, ಮಳೆಯ ಎರಚಲು ಬಡಿಯುವ ಕಡೆ ಅಮ್ಮನನ್ನು ಮಲಗಿಸಿ ಅವರು ಎಲ್ಲರನ್ನೂ ದೂರ ನಿಲ್ಲಿಸಿದರು. "ಸುತ್ತ ನಿಲ್ಲಬೇಡಿ! ಗಾಳಿ ಬಿಡಿ, ಗಾಳಿ ಬಿಡಿ!" ಎನ್ನುತ್ತಾ ತಮ್ಮ ಮುಂಡಾಸು ಬಿಚ್ಚಿ ಅವಳ ಮುಖಕ್ಕೆ ಬೀಸಿದರು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಕೊನೆಗೆ ಅಮ್ಮ ಒಮ್ಮೆ ಎಳೆದು ಉಸಿರು ಬಿಟ್ಟು ವಾಂತಿ ಮಾಡಿಕೊಂಡಳು. ಅಪ್ಪ ನೆಲದ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರು.

ಅಮ್ಮನಿಗೆ ಪ್ರಜ್ಞೆ ಬಂದ ಮೇಲೆ ಮೇಸ್ತ್ರಿ ಎದ್ದು ಬಡಗು ಬದಿಗೆ ಹೋದರು. ನಾನೂ ಹಿಂದಿನಿಂದ ಹೋದೆ. ಬಗ್ಗಿ ನೋಡಿದರು. ಬಾಳೆನಾರಿನ ಗಂಟನ್ನು ಬೆರಳಿನಿಂದ ಮುಟ್ಟಿದರು, ಬಿಚ್ಚಿದರು, ಎಲೆಯನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. ಹುಬ್ಬಿಲ್ಲದ ಆ ಮುಖದಲ್ಲಿ ನನಗೆ ಏನೂ ಓದಲಾಗಲಿಲ್ಲ. ಅಷ್ಟರಲ್ಲಿ ಅಪ್ಪ ಬಂದರು.

"ಎಂತಾಯ್ತು ಮೇಸ್ತ್ರಿ? ಎಂತದರಿಂದ ಹೀಗಾಯ್ತು?"

ಮೇಸ್ತ್ರಿ ಎಲೆಯನ್ನು ಮುದ್ದೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ಹೆಗ್ಗಣ, ಪಂಡಿತರೇ. ಪೈಪಿನ ಬಾಯಿಗೆ ಕಸ ತುಂಬಿಸಿತ್ತು. ನಾನು ಜಾಲರಿ ಹಾಕಬೇಕಿತ್ತು, ಹಾಕಲಿಲ್ಲ. ತಪ್ಪು ನನ್ನದೇ."

ಅಪ್ಪ ಬಯ್ಯುವವರಲ್ಲ. "ನಿಮ್ಮನ್ನು ನಂಬಿದ್ದೆ ಮೇಸ್ತ್ರಿ," ಎಂದರು, ಅಷ್ಟೇ. ಮೇಸ್ತ್ರಿ ತಲೆ ತಗ್ಗಿಸಿ ಹೊರಟುಹೋದರು. ನಾನು ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಬಿಡಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆಗೆ ಅದು ಇನ್ನಷ್ಟು ಕಷ್ಟವಾಯಿತು.

ಮರುದಿನ ಅಪ್ಪ ಪೈಪಿನ ಬಾಯಿಗೆ ಸಿಮೆಂಟು ಹಾಕಿಸಿದರು. ಮಾಡಿನ ಕೆಳಗಿನ ಹಲಗೆಗಳನ್ನು ಕೀಳಿಸಿದರು. ಹತ್ತು ಕಡೆಯ ಗಾಳಿ ಮತ್ತೆ ಮನೆಯೊಳಗೆ ಬಂತು, ಹೊಗೆಯೂ ಬಂತು. ಅಮ್ಮ ಮತ್ತೆ ಗೋಡೆಗೆ ಒರಗಿ ಕೂತಳು. ಪಂಡಿತರ ಹೆಂಡತಿ ಐತಪ್ಪನ ಪೈಪಿನಿಂದ ಸಾಯುವುದರಲ್ಲಿದ್ದರಂತೆ ಎಂದು ಜೆಪ್ಪುವಿನಲ್ಲೆಲ್ಲ ಮಾತಾಗಿ, ಉಳಿದ ಮನೆಯವರೂ ಒಬ್ಬೊಬ್ಬರಾಗಿ ಪೈಪು ಮುಚ್ಚಿಸಿಕೊಂಡರು. ಅವರನ್ನು ಯಾರೂ ಒಲೆಗೆ ಕರೆಯಲಿಲ್ಲ. ಕೆಲವು ತಿಂಗಳಲ್ಲಿ ಅವರು ಪಣಂಬೂರಿನಲ್ಲಿ ಯಾವುದೋ ಗೋದಾಮಿನ ಕಾವಲಿಗೆ ಸೇರಿದರೆಂದು ಗೊತ್ತಾಯಿತು. ಒಂದು ಬಾಳೆ ಎಲೆಯಿಂದ ಇಷ್ಟೆಲ್ಲ ಆಯಿತು, ಮತ್ತು ಅದು ಗೊತ್ತಿದ್ದದ್ದು ಮೂವರಿಗೆ.

ಅಜ್ಜಿಯೂ ಬಾಯಿ ಬಿಡಲಿಲ್ಲ. ಆದರೆ ಎರಡು ವರ್ಷ ಕಳೆದು, ಹಾಸಿಗೆ ಹಿಡಿದಿದ್ದಾಗ ಒಂದು ದಿನ ನನ್ನ ಕೈ ಹಿಡಿದು ಹೇಳಿದಳು, "ಆ ಮೇಸ್ತ್ರಿ ಯಾವಾಗಾದರೂ ಬಂದರೆ ಒಂದು ಲೋಟ ಕಾಫಿ ಕೊಡು."

"ಯಾವ ಲೋಟದಲ್ಲಿ?" ಎಂದೆ. ನನ್ನ ನಾಲಗೆಯಲ್ಲಿ ಆಗಲೂ ವಿಷ ಇತ್ತು.

"ನಮ್ಮದರಲ್ಲೇ ಕೊಡು," ಎಂದು ಮುಖ ಆಚೆ ತಿರುಗಿಸಿದಳು. ಅವಳು ತೀರಿಕೊಂಡಳು. ಕಾಫಿ ಕುಡಿಯಲು ಅವರು ನಮ್ಮ ಮನೆಗೆ ಬರಲಿಲ್ಲ.

ನಾನು ವಿಜ್ಞಾನದ ಟೀಚರ್ ಆದೆ, ಮದುವೆಯಾಗಿ ಕುಲಶೇಖರಕ್ಕೆ ಹೋದೆ. ವರ್ಷಕ್ಕೊಮ್ಮೆ ದಹನಕ್ರಿಯೆಯ ಪಾಠ ಬಂದಾಗ ಆ ಅನಿಲದ ಹೆಸರನ್ನು ಬೋರ್ಡಿನಲ್ಲಿ ಬರೆದು ಬೇಗನೆ ಒರೆಸಿಬಿಡುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೊಮ್ಮೆ ಐತಪ್ಪ ಮೇಸ್ತ್ರಿ ಸಿಗುವರು, ಖಾಕಿ ಅಂಗಿ, ಕೈಯಲ್ಲಿ ಬುತ್ತಿ. "ಅಮ್ಮನ ಉಸಿರು ಹೇಗುಂಟು, ಅಕ್ಕ?" ಎಂದು ಅದೇ ಮಾತು. "ಹಾಗೇ ಇದೆ," ಎಂದು ನಾನು ಬಂದ ಬಸ್ಸು ಯಾವುದೆಂದೂ ನೋಡದೆ ಹತ್ತಿಬಿಡುತ್ತಿದ್ದೆ.

ಎಂಬತ್ತರ ದಶಕದ ನಡುವೆ ಅಪ್ಪನ ಮನೆಗೆ, ಅದೇ ಹಳೆಯ ಬಾಡಿಗೆ ಮನೆಗೆ, ಗ್ಯಾಸ್ ಬಂತು. ಅಮ್ಮನ ಎದೆ ಸ್ವಲ್ಪ ಹಗುರವಾಯಿತು. ಅದೇ ಮಳೆಗಾಲ ಐತಪ್ಪ ಮೇಸ್ತ್ರಿ ಮಲಗಿದಲ್ಲೇ ಆಗಿದ್ದಾರೆಂದು ಕೇಳಿ, ಒಂದು ಭಾನುವಾರ ನೇತ್ರಾವತಿಯ ಕಡೆಗೆ ಇಳಿಯುವ ಓಣಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ.

ಎರಡೇ ಕೋಣೆಯ ಮನೆ. ಅವರ ಹೆಂಡತಿ ಕಮಲಕ್ಕ ಒಳಗೆ ಅಕ್ಕಿ ಬೇಯಿಸುತ್ತಿದ್ದರು, ಮರದ ಹುಡಿಯ ಒಲೆಯಲ್ಲಿ. ಒಲೆಯ ಹಿಂದಿನ ಗೋಡೆಗೆ ಸುಣ್ಣ ಹೊಡೆದಿತ್ತು. ಬಿಳಿಯ ಗೋಡೆಯಲ್ಲಿ ಒಂದು ಬೆರಳಿನಷ್ಟೂ ಮಸಿ ಇರಲಿಲ್ಲ. ಒಲೆಯ ಅಡಿಯಿಂದ ಮಣ್ಣಿನ ಪೈಪೊಂದು ಗೋಡೆಯೊಳಗೆ ಹೋಗಿತ್ತು. ಊರಿನಲ್ಲಿ ಉಳಿದದ್ದು ಅದೊಂದೇ ಇರಬೇಕು.

ಮೇಸ್ತ್ರಿ ಬರೀ ಮೂಳೆಯಾಗಿದ್ದರು. ಭಟ್ಟಿಯ ಧೂಳು ಎದೆಯಲ್ಲಿ ಕೂತಿದೆ ಎಂದು ಕಮಲಕ್ಕ ಹೇಳಿದರು. ಅವರ ಎದೆಯಿಂದ ಅಮ್ಮನದ್ದೇ ಸದ್ದು ಬರುತ್ತಿತ್ತು. ನನ್ನನ್ನು ಕಂಡು ಏಳಲು ನೋಡಿ ಆಗದೆ, "ಅಮ್ಮನ ಉಸಿರು..." ಎಂದರು. ನನಗೆ ತಡೆಯಲಾಗಲಿಲ್ಲ.

"ಐತಪ್ಪಣ್ಣ, ಆ ದಿನ ಹೆಗ್ಗಣ ಅಲ್ಲ. ನಾನು."

"ಗೊತ್ತುಂಟು," ಎಂದರು. ಸ್ವಲ್ಪ ಉಸಿರು ಹಿಡಿದು, "ಹೆಗ್ಗಣಕ್ಕೆ ಬಾಳೆನಾರಲ್ಲಿ ಗಂಟು ಹಾಕಲಿಕ್ಕೆ ಬರುದಿಲ್ಲ ಅಕ್ಕ," ಎಂದರು. ನಕ್ಕರೋ ಇಲ್ಲವೋ ಹೇಳಲಾರೆ.

"ಮತ್ತೆ ಯಾಕೆ ಹಾಗೆ ಹೇಳಿದ್ರಿ? ನಿಮ್ಮ ಹೆಸರು ಹೋಯ್ತು, ಕೆಲಸ ಹೋಯ್ತು..." ಅಳು ಬಂದು ಮಾತು ನಿಂತಿತು.

ಅವರು ತಲೆಯನ್ನು ನನ್ನ ಕಡೆ ಹೊರಳಿಸಿದರು. ಒಂದೊಂದೇ ಮಾತಿಗೆ ಒಂದೊಂದು ಉಸಿರು ಬೇಕಾಗಿತ್ತು. "ನೀವು ಅಂತ ಹೇಳಿದ್ರೆ ಎಂತ ಆಗ್ತಿತ್ತು? ದೊಡ್ಡಮ್ಮ ಹೇಳದೆ ನೀವು ಮುಚ್ಚುವವರಲ್ಲ. ದೊಡ್ಡಮ್ಮನ ಮೇಲೆ ಪಂಡಿತರಿಗೆ ಸಿಟ್ಟು, ನಿಮ್ಮ ಮೇಲೆ ದೊಡ್ಡಮ್ಮನಿಗೆ ಸಿಟ್ಟು. ಆ ಹೊಗೆ ನಿಮ್ಮ ಮನೆಯೊಳಗೇ ಸುತ್ತುತ್ತಿತ್ತು. ಅಮ್ಮ ಅದರಲ್ಲಿ ಬದುಕುದು ಹೇಗೆ? ಹೊಗೆಯನ್ನು ಹೊರಗೆ ಹಾಕಬೇಕು. ನಾನು ಹೊರಗಿನವ ಅಲ್ವಾ, ನನ್ನ ಮೇಲೆ ಹಾಕಿಕೊಂಡೆ."

ನಾನು ಅವರ ಕಾಲು ಹಿಡಿದೆ. ಹಿಡಿಯಲು ಬಿಡಲಿಲ್ಲ, ಎಳೆದುಕೊಂಡರು.

"ಒಂದು ಮಾತ್ರ," ಎಂದರು ಆಮೇಲೆ. "ಅಪ್ಪ ಪೈಪು ಮುಚ್ಚಿಸಿಬಿಡ್ತಾರೆ ಅಂತ ನಾನು ಎಣಿಸಲಿಲ್ಲ. ಅದೊಂದು ಲೆಕ್ಕ ತಪ್ಪಿತು ನನಗೆ. ಅಮ್ಮ ಇಷ್ಟು ವರ್ಷ ಕೆಮ್ಮಿದ್ರು. ನನ್ನ ಹೆಸರು ಬಿಡಿ. ಪೈಪಿನದ್ದು ತಪ್ಪಿಲ್ಲ ಅಂತ ಯಾರಿಗಾದ್ರೂ ಒಬ್ಬರಿಗೆ ಹೇಳಿ ಅಕ್ಕ."

ಅವರ ಮನೆಯಲ್ಲೇ ಕೂತರೂ, ಉಸಿರು ಸಾಲದಿದ್ದರೂ, ನನ್ನೊಡನೆ ಕನ್ನಡವನ್ನೇ ಆಡಿದರು. ನಾನು ಪಂಡಿತರ ಮಗಳಲ್ಲವೇ.

ಅಲ್ಲಿಂದ ನೇರ ಅಪ್ಪನ ಮನೆಗೆ ಹೋಗಿ ಇಬ್ಬರನ್ನೂ ಕೂರಿಸಿ ಹೇಳಿದೆ. ಅಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಅಮ್ಮ ಬೀನ್ಸ್ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಿ ನನ್ನನ್ನು ನೋಡಿ, "ನೀನು ಆಗಲೇ ಹೇಳಿದ್ದರೆ ನಾನು ಇಷ್ಟು ವರ್ಷ ಕೆಮ್ಮಬೇಕಾಗಿರಲಿಲ್ಲ, ಅಲ್ವಾ?" ಎಂದಳು. ಸಿಟ್ಟಿನಿಂದ ಅಲ್ಲ, ಕೇಳಿ ತಿಳಿದುಕೊಳ್ಳುವವಳ ಹಾಗೆ. ಹೌದು ಎಂದೆ. ಅವಳು ಮತ್ತೆ ಬೀನ್ಸ್ ಹೆಚ್ಚಿದಳು. ಕ್ಷಮಿಸಿದೆ ಎಂದು ಅವಳು ಆಗ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಅಪ್ಪ ಅಂಗಿ ಹಾಕಿಕೊಂಡು ಕೊಡೆ ಹಿಡಿದು ಆ ಮಳೆಯಲ್ಲೇ ಹೊರಟರು. ಬರುವಾಗ ಕತ್ತಲಾಗಿತ್ತು. ಏನು ಮಾತಾಯಿತೆಂದು ನಾವಾಗಿ ಕೇಳಲಿಲ್ಲ. ಕಾಲು ತೊಳೆದು ಬಂದು ಅವರೇ ಹೇಳಿದರು, "ಮೇಸ್ತ್ರಿ ನನ್ನ ಹತ್ತಿರ ತುಳುವಿನಲ್ಲಿ ಮಾತಾಡಿದ್ರು." ಹೇಳಿ ಗೋಡೆ ಕಡೆ ತಿರುಗಿದರು.

ಹತ್ತು ದಿನ ಕಳೆದು ಐತಪ್ಪ ಮೇಸ್ತ್ರಿ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಹೋಗಿ ಬಂದ ಅಪ್ಪ ಸ್ನಾನ ಮುಗಿಸಿ, ಒಂದು ಉಳಿ ಸುತ್ತಿಗೆ ಹುಡುಕಿ ಬಡಗು ಬದಿಗೆ ಹೋದರು. ಹಿಂದೆಂದೂ ಒಂದು ಮೊಳೆ ಹೊಡೆದವರಲ್ಲ. ಎರಡು ಬೆರಳು ಜಜ್ಜಿಕೊಂಡು, ಅಂತೂ ಸಂಜೆಯ ಒಳಗೆ ಆ ಸಿಮೆಂಟನ್ನೆಲ್ಲ ಕಿತ್ತುಹಾಕಿದರು. ಒಳಗೆ ಆ ಒಲೆಯೇ ಇರಲಿಲ್ಲ. ಕಟ್ಟೆ ಒಡೆದು ಗ್ಯಾಸಿನ ಸಿಲಿಂಡರ್ ಇಟ್ಟಾಗಿತ್ತು. ಅದನ್ನು ಸರಿಸಿ ನಾನು ಪೈಪಿನ ಒಳಬಾಯಿಯ ಮಣ್ಣು ಗೋರಿದೆ.

ಅಮ್ಮ ದೇವರ ಕೋಣೆಯಿಂದ ಒಂದು ಊದುಬತ್ತಿ ಹಚ್ಚಿ ತಂದಳು. ಯಾರೂ ಹೇಳಿರಲಿಲ್ಲ. ಮೆಲ್ಲ ನೆಲಕ್ಕೆ ಕೂತು ಅದನ್ನು ಪೈಪಿನ ಒಳಬಾಯಿಗೆ ಹಿಡಿದಳು. ಹೊಗೆ ಒಂದು ಕ್ಷಣ ನೆಟ್ಟಗೆ ನಿಂತಿತು. ಆಮೇಲೆ ಹೊರಗಿನಿಂದ ಬಂದ ಗಾಳಿಗೆ ಬಾಗಿ, ಒಲೆ ಇದ್ದ ಜಾಗದ ಕಡೆಗೆ ಒಂದೇ ಗೆರೆಯಾಗಿ ಹರಿಯಿತು.

"ಬರ್ತಾ ಉಂಟು," ಎಂದಳು ಅಮ್ಮ.